ಗಾಜಿನ ಹೊಳಪಿಗೆ ಲೆಕ್ಕ ಬರೆದ ರಸ್ತೆ ಎಂಜಿನಿಯರ್

ಕಾಪು ಕಡಲ ಬಂಡೆಯ ಮೇಲೆ ನಿಂತು ಕಾಲಬುಡದ ತಿಳಿನೀರನ್ನು ನೋಡಿದರೆ ತಳದ ಕಲ್ಲು ಕಾಣುತ್ತದೆ. ದೂರಕ್ಕೆ ದೃಷ್ಟಿ ಹಾಯಿಸಿದರೆ ಅದೇ ನೀರು ಆಕಾಶಕ್ಕೆ ಹಿಡಿದ ಕನ್ನಡಿ. ನೋಟ ಓರೆಯಾದಂತೆ ಪ್ರತಿಫಲನ ಎಷ್ಟು ಹೆಚ್ಚುತ್ತದೆಂಬುದನ್ನು ಸಮೀಕರಣಕ್ಕೆ ಇಳಿಸಿದವರು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್. ಮಣಿಪಾಲದ ತಾಂತ್ರಿಕ ವಿದ್ಯಾರ್ಥಿಯೊಬ್ಬ ಕಂಪ್ಯೂಟರಿನಲ್ಲಿ ರಚಿಸಿದ ಗಾಜಿನ ಲೋಟ ಪ್ಲಾಸ್ಟಿಕ್ಕಿನಂತೆ ಕಂಡರೆ, ದೋಷದ ಜಾಡು ಹಿಡಿದು ಆತ ತಲುಪುವುದು ಬಹುಮಟ್ಟಿಗೆ ಈ ಸಮೀಕರಣಗಳನ್ನೇ.

ಫ್ರೆನೆಲ್ ಜನಿಸಿದ್ದು 1788ರ ಮೇ 10ರಂದು, ನಾರ್ಮಂಡಿಯ ಬ್ರೊಯ್ ಎಂಬ ಊರಿನಲ್ಲಿ. ತಂದೆ ವಾಸ್ತುಶಿಲ್ಪಿ. ಎಂಟು ವರ್ಷವಾದರೂ ಬಾಲಕನಿಗೆ ಓದು ಸರಿಯಾಗಿ ಹತ್ತಿರಲಿಲ್ಲ. ಹದಿನಾರರಲ್ಲಿ ಆತ ಪ್ಯಾರಿಸ್ಸಿನ ಪ್ರತಿಷ್ಠಿತ ಎಕೋಲ್ ಪಾಲಿಟೆಕ್ನಿಕ್ ಸೇರಿದ. ಮುಂದೆ ದೊರೆತದ್ದು ಸರಕಾರದ ರಸ್ತೆ ಮತ್ತು ಸೇತುವೆ ವಿಭಾಗದ ಎಂಜಿನಿಯರ್ ಹುದ್ದೆ.

1815ರಲ್ಲಿ ನೆಪೋಲಿಯನ್ ಗಡೀಪಾರಿನಿಂದ ಮರಳಿದಾಗ ಫ್ರೆನೆಲ್ ಎದುರು ಪಾಳಯ ಸೇರಿದರು. ಕೆಲಸ ಹೋಯಿತು, ಪೊಲೀಸರ ಕಣ್ಗಾವಲು ಬಿತ್ತು. ತಾಯಿಯ ಹಳ್ಳಿಯಾದ ಮಾತ್ಯೂದಲ್ಲಿ ಕಳೆದ ಆ ದಿನಗಳೇ ಅವರ ನಿಜವಾದ ಪ್ರಯೋಗಶಾಲೆ. ಮಸೂರಕ್ಕೆ ಬದಲಾಗಿ ಜೇನುತುಪ್ಪದ ಹನಿ, ಊರಿನ ಬೀಗ ಮಾಡುವವನ ಕೈಯಿಂದ ಸಿದ್ಧವಾದ ಅಳತೆಯ ಉಪಕರಣ: ಇಷ್ಟನ್ನಿಟ್ಟುಕೊಂಡು ನೆರಳಿನ ಅಂಚಿನಲ್ಲಿ ಮೂಡುವ ಪಟ್ಟೆಗಳನ್ನು ಅವರು ಅಳೆದರು. ಬೆಳಕು ಕಣಗಳ ಪ್ರವಾಹವೆಂದೇ ನಂಬಿದ್ದ ಕಾಲದಲ್ಲಿ ಅದು ಅಲೆಯೆಂದು ವಾದಿಸಿದರು. 1819ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಬಹುಮಾನ ಅವರಿಗೆ ಸಂದಿತು. ಅವರ ಸಿದ್ಧಾಂತ ನಿಜವಾದರೆ ದುಂಡು ತಟ್ಟೆಯ ನೆರಳಿನ ನಡುವೆ ಬೆಳಕಿನ ಚುಕ್ಕೆ ಕಾಣಬೇಕಾಗುತ್ತದೆಂದು ತೀರ್ಪುಗಾರ ಪ್ವಾಸಾನ್ ಆಕ್ಷೇಪವೆತ್ತಿದ್ದರು. ಅರಾಗೊ ಪ್ರಯೋಗ ಮಾಡಿ ನೋಡಿದಾಗ ಚುಕ್ಕೆ ಅಲ್ಲೇ ಇತ್ತು!

ಅದೇ ವರ್ಷ ದೀಪಸ್ತಂಭಗಳ ಆಯೋಗಕ್ಕೆ ಅವರ ನೇಮಕವಾಯಿತು. ಬೆಳಕನ್ನು ನುಂಗುವ ಲೋಹದ ಪ್ರತಿಫಲಕಗಳ ಬದಲು ಗಾಜಿನ ಉಂಗುರಗಳನ್ನು ಜೋಡಿಸಿದ ಮೆಟ್ಟಿಲು ಮಸೂರವನ್ನು ಫ್ರೆನೆಲ್ ರೂಪಿಸಿದರು. 1823ರ ಜುಲೈನಲ್ಲಿ ಕಾರ್ದುವಾನ್ ದೀಪಸ್ತಂಭದಲ್ಲಿ ಅದು ಬೆಳಗಿತು. 1901ರಲ್ಲಿ ಕಾಪುವಿನ ದೀಪಸ್ತಂಭ ಎದ್ದು ನಿಲ್ಲುವ ಹೊತ್ತಿಗೆ ಈ ಬಗೆಯ ಮಸೂರ ಜಗತ್ತಿನ ನಾವಿಕರಿಗೆಲ್ಲ ಪರಿಚಿತವಾಗಿತ್ತು.

ಆದರೆ ಗ್ರಾಫಿಕ್ಸ್ ಕ್ಷೇತ್ರಕ್ಕೆ ಒದಗಿಬಂದದ್ದು 1823ರ ಜನವರಿಯಲ್ಲಿ ಅಕಾಡೆಮಿಯ ಮುಂದಿಟ್ಟ ಪ್ರಬಂಧ. ಬೆಳಕು ಗಾಜಿಗೆ ತಾಗಿದಾಗ ಎಷ್ಟು ಪಾಲು ಹಿಂದಿರುಗುತ್ತದೆ, ಎಷ್ಟು ಒಳನುಗ್ಗುತ್ತದೆ ಎಂಬ ಲೆಕ್ಕ ಅದರಲ್ಲಿತ್ತು. ವಕ್ರೀಭವನ ಸೂಚ್ಯಂಕ 1.5 ಇರುವ ಸಾಮಾನ್ಯ ಗಾಜಿಗೆ ಬೆಳಕು ನೇರವಾಗಿ ಬಿದ್ದರೆ ಒಂದು ಮೇಲ್ಮೈಯಿಂದ ಹಿಂದಿರುಗುವುದು ಕೇವಲ ಶೇ. 4. ತೀರ ಓರೆಯಾದಾಗ ಅದು ಶೇ. 100ನ್ನು ಸಮೀಪಿಸುತ್ತದೆ. ಎಲ್ಲ ಕೋನಕ್ಕೂ ಒಂದೇ ಅಂಕಿ ಕೊಟ್ಟುಬಿಟ್ಟರೆ ಪರದೆಯ ಲೋಟದ ಅಂಚು ಹೊಳೆಯುವುದಿಲ್ಲ. ಕಣ್ಣು ತಕ್ಷಣ ಮೋಸವನ್ನು ಹಿಡಿಯುತ್ತದೆ. ಲೋಟದ ಗೋಡೆಗೆ ದಪ್ಪ ಕೊಡಲು ಮರೆತರೆ ಅದು ಘನವಾದ ಗಾಜಿನ ಮುದ್ದೆಯಂತೆ ತೋರುತ್ತದೆ. ಒಳಗಿನಿಂದ ಸುಮಾರು 42 ಡಿಗ್ರಿಗಿಂತ ಓರೆಯಾಗಿ ಬಂದ ಕಿರಣ ಹೊರಬೀಳದೆ ಒಳಗೇ ಪುಟಿಯುತ್ತದೆ. ಪುಟಿತಗಳ ಮಿತಿಯನ್ನು ಕಡಿಮೆ ಇಟ್ಟಿದ್ದರೆ ಅಲ್ಲಿ ಕಪ್ಪು ಕಲೆ ಮೂಡುತ್ತದೆ. ಇಷ್ಟೆಲ್ಲ ಸರಿಯಿದ್ದೂ ಸುತ್ತ ಏನನ್ನೂ ಇಡದೆ ಶೂನ್ಯದಲ್ಲಿ ಲೋಟ ಚಿತ್ರಿಸುವವರಿದ್ದಾರೆ. ಗಾಜು ಕಾಣುವುದೇ ಸುತ್ತಲಿನ ವಸ್ತುಗಳಿಂದ ಎಂಬುದನ್ನು ಅವರಿಗೆ ಯಾವ ಸಾಫ್ಟ್‌ವೇರೂ ಹೇಳಿಕೊಡದು. ಈ ಸಮೀಕರಣಗಳ ಗಣನೆ ಹೊರೆಯೆನಿಸಿದ್ದರಿಂದ 1994ರಲ್ಲಿ ಕ್ರಿಸ್ತೋಫ್ ಶ್ಲಿಕ್ ಸರಳ ಸೂತ್ರವೊಂದನ್ನು ಕೊಟ್ಟರು. ಅದೂ ಫ್ರೆನೆಲ್ ಲೆಕ್ಕದ ಅಂದಾಜೇ.

ಸಂಶೋಧನೆ ಫ್ರೆನೆಲ್ ಅವರ ಸಂಬಳದ ಕೆಲಸವಾಗಿರಲಿಲ್ಲ. ಕ್ಷಯರೋಗ ದೇಹವನ್ನು ತಿನ್ನುತ್ತಿತ್ತು. ಉಳಿದ ಶಕ್ತಿಯನ್ನು ಕೊನೆಯ ವರ್ಷಗಳಲ್ಲಿ ಅವರು ದೀಪಸ್ತಂಭಗಳಿಗೇ ಮೀಸಲಿಟ್ಟರು. ಲಂಡನ್ನಿನ ರಾಯಲ್ ಸೊಸೈಟಿ ನೀಡಿದ ರಮ್‌ಫರ್ಡ್ ಪದಕವನ್ನು ಅರಾಗೊ ಮರಣಶಯ್ಯೆಯ ಬಳಿಗೇ ತಂದುಕೊಟ್ಟರು. 1827ರ ಜುಲೈ 14ರಂದು, 39ನೆಯ ವಯಸ್ಸಿನಲ್ಲಿ ಫ್ರೆನೆಲ್ ಕೊನೆಯುಸಿರೆಳೆದರು. ದೀಪಸ್ತಂಭಗಳ ಕೆಲಸವನ್ನು ತಮ್ಮ ಲಿಯೋನಾರ್ ಮುಂದುವರಿಸಿದರು.

ಗಾಜಿನ ಲೆಕ್ಕವಿದ್ದ ಆ ಪ್ರಬಂಧದ ಹಸ್ತಪ್ರತಿ ಮಾತ್ರ ಕಳೆದುಹೋಗಿತ್ತು. ಗಣಿತಜ್ಞ ಫೂರಿಯೆ 1830ರಲ್ಲಿ ತೀರಿಕೊಂಡ ಬಳಿಕ ಅವರ ಕಾಗದಪತ್ರಗಳ ನಡುವೆ ಅದು ದೊರೆಯಿತು. 1831ರಲ್ಲಿ ಅಚ್ಚಾಗಿ ಬಂದಾಗ ಬರೆದವರು ಗತಿಸಿ ನಾಲ್ಕು ವರ್ಷಗಳಾಗಿದ್ದವು.