ಕರುಣೆ ಹೊಂದಿದ ನಾವಿಕನು: ಜಾನ್ ನ್ಯೂಟನನ ಜೀವಚರಿತ್ರೆ

ದೇವರು ನೀತಿಯುಳ್ಳ ನ್ಯಾಯಾಧಿಪತಿಯೂ ಕರುಣೆಯುಳ್ಳ ತಂದೆಯೂ ಆಗಿದ್ದಾನೆಂದು ನಾವೆಲ್ಲರೂ ಚಿಕ್ಕಂದಿನಿಂದ ಕಲಿತಿದ್ದೇವೆ. ಆದರೆ ಈ ಎರಡನ್ನೂ ಕೂಡಿಸಿ ಗ್ರಹಿಸಲಾರದೆ ಕೆಲವರು ನ್ಯಾಯತೀರ್ಪಿಗೆ ಅಂಜಿ ನಿರಾಶರಾಗುತ್ತಾರೆ. ಬೇರೆ ಕೆಲವರು ಕರುಣೆ ದೊರಕಿತಲ್ಲಾ ಎಂದು ನೆಮ್ಮದಿಗೊಂಡು, ತಾವು ನೆರೆಯವನಿಗೆ ಮಾಡಿದ ಅನ್ಯಾಯದ ಲೆಕ್ಕದ ಪುಸ್ತಕವನ್ನೇ ಮುಚ್ಚಿಬಿಡುತ್ತಾರೆ. ಈ ಎರಡು ತಪ್ಪುಗಳನ್ನೂ ಹತ್ತಿರದಿಂದ ಬಲ್ಲವನಾಗಿದ್ದ ಒಬ್ಬ ಮನುಷ್ಯನ ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತೇವೆ.

ಜಾನ್ ನ್ಯೂಟನನು ೧೭೨೫ನೆಯ ಇಸವಿಯಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಹಡಗಿನ ಯಜಮಾನನು. ಭಕ್ತಿವಂತಳಾದ ತಾಯಿಯು ಮಗನಿಗೆ ವೇದವಚನಗಳನ್ನೂ ಕೀರ್ತನೆಗಳನ್ನೂ ಬಾಯಿಪಾಠ ಮಾಡಿಸಿದಳು. ಆದರೆ ಅವನಿಗೆ ಏಳು ವರುಷ ತುಂಬುವದರೊಳಗೇ ಕ್ಷಯರೋಗದಿಂದ ತೀರಿಹೋದಳು. ಹನ್ನೊಂದನೆಯ ವಯಸ್ಸಿನಲ್ಲಿ ಅವನು ತಂದೆಯೊಂದಿಗೆ ಸಮುದ್ರಯಾನಕ್ಕೆ ಹೊರಟನು. ಯೌವನಸ್ಥನಾದಾಗ ದೇವರನ್ನು ಅಲ್ಲಗಳೆದು, ಇತರರ ನಂಬಿಕೆಯನ್ನೂ ಕೆಡಿಸುವದರಲ್ಲಿ ಸಂತೋಷಪಟ್ಟನು. ೧೭೪೪ರಲ್ಲಿ ಬಲಾತ್ಕಾರದಿಂದ ಯುದ್ಧದ ಹಡಗಿಗೆ ಸೇರಿಸಲ್ಪಟ್ಟು, ಅಲ್ಲಿಂದ ಓಡಿಹೋಗಿ ಸಿಕ್ಕಿಬಿದ್ದು, ಎಲ್ಲರ ಮುಂದೆ ಕೊರಡೆಯ ಪೆಟ್ಟು ತಿಂದನು.

ಆ ಮೇಲೆ ಅವನು ಗುಲಾಮರ ವ್ಯಾಪಾರದ ಹಡಗನ್ನು ಹತ್ತಿ ಪಶ್ಚಿಮ ಆಫ್ರಿಕದ ಕರಾವಳಿಗೆ ಬಂದು, ಒಬ್ಬ ಬಿಳಿಯ ವ್ಯಾಪಾರಿಯ ಕೈಕೆಳಗೆ ಸೇರಿದನು. ಅಲ್ಲಿ ಜ್ವರದಿಂದ ಬಿದ್ದಿದ್ದಾಗ ಯಜಮಾನನ ಮನೆಯವರು ಅವನನ್ನು ನಾಯಿಗಿಂತ ಕಡೆಯಾಗಿ ಕಂಡರು. ಕುಡಿಯುವ ನೀರು ಸಹ ಸುಲಭವಾಗಿ ಸಿಕ್ಕಲಿಲ್ಲ. ಆಗ ಅವನ ಮೇಲೆ ಕನಿಕರಪಟ್ಟವರು ಯಾರು? ಸಂಕೋಲೆಗಳಲ್ಲಿದ್ದ ಗುಲಾಮರೇ! ಅವರು ತಮಗೆ ದೊರೆಯುತ್ತಿದ್ದ ಅಲ್ಪ ಆಹಾರದಲ್ಲಿ ಒಂದು ಪಾಲನ್ನು ಗುಟ್ಟಾಗಿ ತಂದು ಅವನಿಗೆ ಉಣಿಸಿದರು. ವಾಚಕರು ಈ ಸಂಗತಿಯನ್ನು ಮರೆಯದಿರಲಿ. ಮುಂದೆ ಇದರ ಲೆಕ್ಕ ಬರುವದು.

ಕೊನೆಗೆ ಅವನ ತಂದೆಯ ಬಿನ್ನಹದ ಮೇರೆಗೆ ಒಂದು ಹಡಗಿನ ಯಜಮಾನನು ಅವನನ್ನು ಹುಡುಕಿ ಹತ್ತಿಸಿಕೊಂಡನು. ೧೭೪೮ನೆಯ ಮಾರ್ಚ್ ತಿಂಗಳ ಒಂದು ರಾತ್ರಿ ಅಟ್ಲಾಂಟಿಕ್ ಸಮುದ್ರದಲ್ಲಿ ಭಯಂಕರವಾದ ಬಿರುಗಾಳಿ ಎದ್ದು ಹಡಗಿನ ಒಂದು ಪಕ್ಕವನ್ನು ಒಡೆಯಿತು. ನ್ಯೂಟನನು ಮೇಲಕ್ಕೆ ಓಡಿಬರುತ್ತಿರುವಾಗ ಯಜಮಾನನು ಅವನನ್ನು ಕತ್ತಿ ತರಲು ಹಿಂದಕ್ಕೆ ಕಳುಹಿಸಿದನು; ಅವನಿಗೆ ಬದಲಾಗಿ ಮೇಲಕ್ಕೆ ಹೋದವನನ್ನು ತೆರೆಯು ಆ ಕ್ಷಣವೇ ಕೊಚ್ಚಿಕೊಂಡು ಹೋಯಿತು. ಹಡಗಿನಲ್ಲಿ ನೀರಿಗಿಂತ ಹಗುರವಾದ ಜೇನುಮೇಣವೂ ಮರವೂ ತುಂಬಿದ್ದದರಿಂದ ಅದು ಮುಳುಗಲಿಲ್ಲ. ಬೆಳಗಿನ ಜಾವದಿಂದ ಮಧ್ಯಾಹ್ನದ ವರೆಗೆ ನೀರೆತ್ತುತ್ತಿದ್ದವನ ಬಾಯಿಂದ, ಕರ್ತನೇ ಕರುಣಿಸಲಿ ಎಂಬ ಮಾತು ತಾನಾಗಿ ಹೊರಟಿತು. ಕೂಡಲೆ ಅವನ ಮನಸ್ಸು ಕದಲಿತು: ಕರುಣೆಯನ್ನು ಹಾಸ್ಯಮಾಡಿದವನಿಗೆ ಎಲ್ಲಿಯ ಕರುಣೆ? ಆದರೂ ದೇವರು ಅವನನ್ನು ಉಳಿಸಿದನು. ನಾಲ್ಕು ವಾರಗಳ ತರುವಾಯ ಒಡಕು ಹಡಗು ಐರ್ಲೆಂಡಿನ ದಡ ಸೇರಿತು. ಆ ಬಿರುಗಾಳಿಯ ದಿನವನ್ನು ಅವನು ಜೀವಮಾನವೆಲ್ಲಾ ಪ್ರಾರ್ಥನೆಯಿಂದ ಆಚರಿಸಿದನು.

ಇಲ್ಲಿಗೆ ಕಥೆ ಮುಗಿದಿದ್ದರೆ ಕೇಳುವದಕ್ಕೆ ಇಂಪಾಗಿರುತ್ತಿತ್ತು. ಆದರೆ ಸತ್ಯವನ್ನು ಮರೆಮಾಡಬಾರದು. ಕರುಣೆ ಹೊಂದಿದ ಈ ಮನುಷ್ಯನು ತಿರಿಗಿ ಗುಲಾಮರ ವ್ಯಾಪಾರಕ್ಕೇ ಹೋದನು. ೧೭೫೦ರಿಂದ ೧೭೫೪ರ ವರೆಗೆ ಮೂರು ಸಾರಿ ಹಡಗಿನ ಯಜಮಾನನಾಗಿ, ನೂರಾರು ಆಫ್ರಿಕದವರನ್ನು ವೆಸ್ಟ್ ಇಂಡೀಸ್ ದ್ವೀಪಗಳಿಗೆ ಸಾಗಿಸಿ ಮಾರಿದನು. ಭಾನುವಾರಗಳಲ್ಲಿ ನಾವಿಕರನ್ನು ಕೂಡಿಸಿ ಆರಾಧನೆ ನಡಿಸುತ್ತಿದ್ದನು. ಅದೇ ಹಡಗಿನ ಹಲಗೆಯ ಕೆಳಗೆ ಮನುಷ್ಯರು ಮಗ್ಗುಲು ತಿರುಗಿಸಲಾರದಷ್ಟು ಒತ್ತಾಗಿ ಸಂಕೋಲೆಗಳಲ್ಲಿ ಬಿದ್ದಿದ್ದರು. ದಂಗೆಯ ಸುಳಿವು ಸಿಕ್ಕಿದಾಗ ಗುಲಾಮರಾದ ಹುಡುಗರ ಹೆಬ್ಬೆರಳಿಗೆ ತಿರುಪು ಬಿಗಿಸಿ ಬಾಯಿಬಿಡಿಸಿದನು. ಸತ್ತವರನ್ನು ಸಮುದ್ರಕ್ಕೆ ಹಾಕಿದಾಗ ದಿನಚರಿಯಲ್ಲಿ ಅವರ ಹೆಸರಿಗೆ ಬದಲಾಗಿ ಸಂಖ್ಯೆಯನ್ನು ಬರೆದನು. ಹಸಿದಿದ್ದಾಗ ತನಗೆ ಉಣಿಸಿದ ಕೈಗಳು ಎಂಥವೆಂಬದು ಅವನಿಗೆ ನೆನಪಾಗಲಿಲ್ಲವೇ? ಎಲ್ಲರೂ ಮಾಡುವ ವ್ಯಾಪಾರವೆಂದು ಮನಸ್ಸಾಕ್ಷಿಯು ನಿದ್ರಿಸುತ್ತಿತ್ತು. ೧೭೫೪ರಲ್ಲಿ ಅವನು ಸಮುದ್ರವನ್ನು ಬಿಟ್ಟದ್ದು ಸಹ ಪಶ್ಚಾತ್ತಾಪದಿಂದಲ್ಲ, ಫಕ್ಕನೆ ಬಂದ ರೋಗದಿಂದ.

೧೭೬೪ರಲ್ಲಿ ನ್ಯೂಟನನು ಸಭಾಪಾಲಕನಾಗಿ ಓಲ್ನಿ ಎಂಬ ಊರಿಗೆ ಬಂದನು. ಕಸೂತಿಯ ಪಟ್ಟಿ ಹೆಣೆದು ಹೊಟ್ಟೆಹೊರೆಯುವ ಬಡವರ ಊರು ಅದು. ಆತನು ಅವರಿಗಾಗಿ ಕೀರ್ತನೆಗಳನ್ನು ರಚಿಸಿದನು; ಅವುಗಳಲ್ಲಿ ಕೃಪೆಯನ್ನು ಕುರಿತಾದ ಒಂದು, ೧೭೭೩ನೆಯ ಇಸವಿಯ ಹೊಸ ವರುಷದ ದಿನಕ್ಕಾಗಿ ಸಿದ್ಧವಾದದ್ದು, ಇಂದು ಲೋಕದ ಎಲ್ಲಾ ಕಡೆಯಲ್ಲಿಯೂ ಹಾಡಲ್ಪಡುತ್ತದೆ. ಅದೇ ಜನವರಿ ತಿಂಗಳಲ್ಲಿ ಆತನ ಪ್ರಿಯ ಸ್ನೇಹಿತನೂ ಕವಿಯೂ ಆದ ವಿಲಿಯಮ್ ಕೌಪರನು ಮನೋವ್ಯಾಧಿಗೆ ಒಳಗಾಗಿ, ದೇವರು ತನ್ನನ್ನು ಎಂದೆಂದಿಗೂ ತಳ್ಳಿಬಿಟ್ಟನೆಂಬ ಭಯದಲ್ಲಿ ಮುಳುಗಿಹೋದನು. ನ್ಯೂಟನನು ಅವನನ್ನು ಗದರಿಸಲಿಲ್ಲ, ತೀರ್ಪು ಹೇಳಲಿಲ್ಲ. ಒಂದು ವರುಷಕ್ಕಿಂತಲೂ ಹೆಚ್ಚಾಗಿ ತನ್ನ ಮನೆಯಲ್ಲಿಯೇ ಇಟ್ಟುಕೊಂಡು ಕಾಪಾಡಿದನು. ಕೌಪರನು ೧೮೦೦ರಲ್ಲಿ ಸಾಯುವ ವರೆಗೂ ಆ ಭಯವು ಅವನನ್ನು ಪೂರ್ತಿಯಾಗಿ ಬಿಡಲಿಲ್ಲ. ನ್ಯೂಟನನ ಸ್ನೇಹವೂ ಬಿಡಲಿಲ್ಲ.

೧೭೮೦ರಲ್ಲಿ ಆತನು ಲಂಡನಿನ ಒಂದು ಸಭೆಗೆ ಬಂದನು. ೧೭೮೫ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದ ವಿಲ್ಬರ್ಫೋರ್ಸನೆಂಬ ಯೌವನಸ್ಥನು ಆಲೋಚನೆ ಕೇಳಲು ಗುಟ್ಟಾಗಿ ಆತನ ಬಳಿಗೆ ಬಂದಾಗ, ರಾಜಕಾರ್ಯವನ್ನು ಬಿಡದೆ ಅದರಲ್ಲಿಯೇ ದೇವರನ್ನು ಸೇವಿಸಬೇಕೆಂದು ಬುದ್ಧಿಹೇಳಿದನು. ಈ ವಿಲ್ಬರ್ಫೋರ್ಸನೇ ಮುಂದೆ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದನು. ಆಗ ನ್ಯೂಟನನಿಗೂ ತನ್ನ ಲೆಕ್ಕದ ಪುಸ್ತಕವನ್ನು ತೆರೆಯುವ ಗಳಿಗೆ ಬಂತು. ೧೭೮೮ರಲ್ಲಿ, ಸಮುದ್ರವನ್ನು ಬಿಟ್ಟು ೩೪ ವರುಷಗಳಾದ ಮೇಲೆ, ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಅಚ್ಚುಹಾಕಿಸಿ, ತಾನು ಕಂಡದ್ದನ್ನು ಬಿಚ್ಚಿಟ್ಟು, ಆ ಕೆಲಸದಲ್ಲಿ ತಾನೂ ಕೈಹಾಕಿದ್ದೆನೆಂದೂ ಈ ಅರಿಕೆ ಬಹಳ ತಡವಾಗಿ ಬಂತೆಂದೂ ಒಪ್ಪಿಕೊಂಡನು. ಗೌರವಸ್ಥನಾದ ವೃದ್ಧ ಬೋಧಕನು ಅಧಿಕಾರಿಗಳ ಮುಂದೆ ನಿಂತು, ತನ್ನ ಮಾನವನ್ನು ಲಕ್ಷಿಸದೆ ಸಾಕ್ಷಿ ಹೇಳಿದನು. ೧೮೦೭ನೆಯ ಮಾರ್ಚ್ ತಿಂಗಳಲ್ಲಿ ಆ ವ್ಯಾಪಾರವನ್ನು ನಿಷೇಧಿಸುವ ಕಾನೂನು ಆಯಿತು. ಕಣ್ಣು ಕಾಣದವನಾಗಿದ್ದ ನ್ಯೂಟನನು ಅದೇ ವರುಷದ ದಶಂಬರ ೨೧ರಲ್ಲಿ, ೮೨ನೆಯ ವಯಸ್ಸಿನಲ್ಲಿ ನಿದ್ರೆಹೋದನು. ಗುಲಾಮತನವನ್ನೇ ತೆಗೆದುಹಾಕುವ ಕಾನೂನಿಗೆ ೧೮೩೩ರ ವರೆಗೆ ಕಾಯಬೇಕಾಯಿತು.

ಪ್ರಿಯರೇ, ಜಕ್ಕಾಯನು ಕರ್ತನನ್ನು ಮನೆಗೆ ಸೇರಿಸಿಕೊಂಡ ದಿನವೇ ತಾನು ಮೋಸಪಡಿಸಿದವರನ್ನು ನೆನಸಿಕೊಂಡು ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದನು. ನ್ಯೂಟನನು ತಡಮಾಡಿದನು. ಆತನ ಬಾಯಿ ತೆರೆಯುವದರೊಳಗೆ ಆತನು ಮಾರಿದವರಲ್ಲಿ ಎಷ್ಟೋ ಮಂದಿ ಹೊಲಗಳಲ್ಲಿ ದುಡಿದು ಸತ್ತಿದ್ದರು. ಅವರಿಗೆ ಹಿಂದಕ್ಕೆ ಕೊಡುವದಕ್ಕೆ ಏನೂ ಉಳಿದಿರಲಿಲ್ಲ. ದೇವರ ಕರುಣೆಯು ನ್ಯಾಯತೀರ್ಪನ್ನು ಅಳಿಸಿಬಿಡುವದಿಲ್ಲ. ತೀರ್ಪಿನ ಬೆಳಕಿನಲ್ಲಿ ನಿಲ್ಲುವಷ್ಟು ಧೈರ್ಯವನ್ನು ಪಾಪಿಗೆ ಕೊಡುತ್ತದೆ. ಕ್ಷಮೆ ಹೊಂದಿದವನೇ ತನ್ನ ಪುಸ್ತಕವನ್ನು ಹೆದರದೆ ತೆರೆಯಬಲ್ಲನು. ಹಡಗಿನ ದಿನಚರಿಯಲ್ಲಿ ಸಂಖ್ಯೆಯಾಗಿದ್ದವರ ಹೆಸರುಗಳು ದೇವರ ಮುಂದೆ ಬರೆಯಲ್ಪಟ್ಟಿವೆ. ನಮ್ಮಿಂದ ಅನ್ಯಾಯ ಹೊಂದಿದವರು ಕೂಲಿಯಾಳಾಗಿರಲಿ, ಸಾಲಗಾರನಾಗಿರಲಿ, ಒಡಹುಟ್ಟಿದವನಾಗಿರಲಿ, ಇನ್ನೂ ಬದುಕಿರುವಾಗಲೇ ಅವರ ಬಾಗಲಿಗೆ ಹೋಗೋಣ.