ಗುತ್ತಿಯ ನೀಲಿ ಜೇಡ ಮತ್ತು ಪೊಕಾಕ್: ಫಾರ್ವರ್ಡ್ ಮಾಡುವ ಮುನ್ನ ಈ ಕತೆ ಓದಿ

ಅಂಗೈ ಅಗಲದ ಜೇಡದ ಫೋಟೊ. ಚಿತ್ರದುರ್ಗದ ಗುಹೆಯಲ್ಲಿ ಸಿಕ್ಕಿದೆ, ಕಚ್ಚಿದರೆ ಸಾವು ಖಂಡಿತ, ಎಲ್ಲರಿಗೂ ಕಳಿಸಿ ಎಂಬ ಬರಹ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ನಿಮ್ಮ ಗ್ರೂಪಿಗೆ ಇಂಥದ್ದು ಬಂದರೆ ಏನು ಮಾಡುತ್ತೀರಿ? ಉತ್ತರಕ್ಕೆ ಮೊದಲು, ಭಾರತದ ದೊಡ್ಡ ಜೇಡಗಳಿಗೆ ಹೆಸರಿಟ್ಟವರೊಬ್ಬರ ಬದುಕನ್ನು ನೋಡೋಣ.

ಅವರು ರೆಜಿನಾಲ್ಡ್ ಇನ್ನೆಸ್ ಪೊಕಾಕ್. 1863ರ ಮಾರ್ಚ್ 4ರಂದು ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಹುಟ್ಟಿದರು. ತಂದೆ ಪಾದ್ರಿ. 1885ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಕೆಲಸಕ್ಕೆ ಸೇರಿದರು. ಜೇಡ, ಚೇಳು, ಜರಿಹುಳುಗಳ ವಿಭಾಗ ಅವರ ಪಾಲಿಗೆ ಬಂತು. ಯಾರಿಗೂ ಅಷ್ಟಾಗಿ ಬೇಡವಾಗಿದ್ದ ಆ ಜೀವಿಗಳನ್ನೇ ಅವರು ಹದಿನೆಂಟು ವರ್ಷ ಅಭ್ಯಾಸ ಮಾಡಿದರು.

ಭಾರತದಿಂದ ಹೋದ ಜೇಡಗಳು ಬಾಟಲಿಗಳಲ್ಲಿ ಅವರ ಮೇಜಿಗೆ ಬರುತ್ತಿದ್ದವು. ಇಂದು ಮೈಸೂರಿನ ಹೆಸರಿನಿಂದಲೇ ಕರೆಯಲ್ಪಡುವ ಪೊಯಿಸಿಲೊಥೀರಿಯಾ ಸ್ಟ್ರಯೇಟಾ ಜೇಡಕ್ಕೆ 1895ರಲ್ಲಿ ಹೆಸರಿಟ್ಟವರು ಇವರೇ. 1900ರಲ್ಲಿ ಭಾರತದ ಜೇಡ, ಚೇಳುಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಹೊರತಂದರು.

ಅದಕ್ಕೆ ಒಂದು ವರ್ಷ ಮೊದಲು, 1899ರಲ್ಲಿ, ಒಂದು ವಿಶೇಷ ಜೇಡವನ್ನು ಅವರು ವರ್ಣಿಸಿದ್ದರು. ಅದು ಸಿಕ್ಕಿದ್ದು ನಮ್ಮ ಪಕ್ಕದಲ್ಲೇ. ಚಿತ್ರದುರ್ಗದಿಂದ ಬಳ್ಳಾರಿ, ಗುಂತಕಲ್ ದಾಟಿದರೆ ಸಿಗುವ ಗುತ್ತಿ ಊರಿನ ರೈಲ್ವೆ ಮರದ ಅಂಗಳದಲ್ಲಿ. ಲೋಹದಂತೆ ಹೊಳೆಯುವ ನೀಲಿ ಮೈ ನೋಡಿ ಪೊಯಿಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಈ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ. ಕೂದಲುಗಳ ಅತಿ ಸೂಕ್ಷ್ಮ ರಚನೆ ನೀಲಿ ಬೆಳಕನ್ನು ಪ್ರತಿಫಲಿಸುವುದರಿಂದ ಹಾಗೆ ಕಾಣುತ್ತದೆ.

ಅವರ ಮುಂದಿದ್ದದ್ದು ಒಂದೇ ಒಂದು ಜೇಡ. ಆಮೇಲೆ 102 ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಮತ್ತೆ ಸಿಕ್ಕಿದ್ದು ಗುತ್ತಿಯಿಂದ ಸುಮಾರು 100 ಕಿಲೋಮೀಟರ್ ದೂರದ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ. ಮರದ ದಿಮ್ಮಿಯೊಳಗೆ ಕೂತು ರೈಲಿನಲ್ಲಿ ಗುತ್ತಿಗೆ ಬಂದಿರಬೇಕು ಎಂಬುದು ತಜ್ಞರ ಅಂದಾಜು. ಸಿಕ್ಕ ಜಾಗ ಅದರ ಮನೆಯಾಗಿರಲಿಲ್ಲ!

ಪೊಕಾಕ್ 1904ರಿಂದ 1923ರವರೆಗೆ ಲಂಡನ್ ಮೃಗಾಲಯದ ಮೇಲ್ವಿಚಾರಕರಾಗಿದ್ದರು. ನಿವೃತ್ತಿಯ ನಂತರ ಮತ್ತೆ ಮ್ಯೂಸಿಯಂಗೆ ಹೋಗಿ ಸ್ವಯಂಸೇವಕರಾಗಿ ಪ್ರಾಣಿಗಳ ಮೇಲೆ ಕೆಲಸ ಮಾಡಿದರು. ಭಾರತಕ್ಕೆ ಸ್ವಾತಂತ್ರ್ಯ ಬರಲು ಆರು ದಿನ ಬಾಕಿ ಇದ್ದಾಗ, 1947ರ ಆಗಸ್ಟ್ 9ರಂದು ತೀರಿಕೊಂಡರು. ಗುತ್ತಿಯ ಜೇಡ ಎಲ್ಲಿ ಬದುಕುತ್ತದೆ ಎಂಬುದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ಈಗ ಫಾರ್ವರ್ಡ್ ವಿಷಯಕ್ಕೆ ಬರೋಣ.

ಗುಹೆಯ ದೈತ್ಯ ಜೇಡ ಇರುವುದು ನಿಜ. ಕಾಲು ಚಾಚಿದರೆ 30 ಸೆಂಟಿಮೀಟರ್ ಆಗುವ ಹೆಟೆರೊಪೋಡಾ ಮ್ಯಾಕ್ಸಿಮಾವನ್ನು 2001ರಲ್ಲಿ ವರ್ಣಿಸಲಾಯಿತು. ಆದರೆ ಅದರ ಊರು ಲಾವೋಸ್ ದೇಶದ ಗುಹೆಗಳು, ಚಂದ್ರವಳ್ಳಿಯಲ್ಲ.

ಕಚ್ಚಿದರೆ ಸಾವು ಎಂಬ ಮಾತು? ಗುತ್ತಿ ಜೇಡದ ಬಳಗ ಕಚ್ಚಿದರೆ ತುಂಬಾ ನೋವು, ಸ್ನಾಯು ಸೆಳೆತ ಬರಬಹುದು, ಆಸ್ಪತ್ರೆಗೆ ಹೋಗಬೇಕು. ಆದರೆ ಮನುಷ್ಯರು ಸತ್ತ ಖಚಿತ ದಾಖಲೆ ಇಲ್ಲ.

ಅಪಾಯ ಇರುವುದು ಜೇಡಕ್ಕೇ. 2008ರಿಂದ ಗುತ್ತಿ ಜೇಡ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಕಾಡು ಕಡಿಯುವುದು ಒಂದು ಕಾರಣವಾದರೆ, ಸಾಕಲು ಹಿಡಿದು ಮಾರುವುದು ಇನ್ನೊಂದು. 2019ರಲ್ಲಿ ಈ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂತು.

ಆದ್ದರಿಂದ ಜೋಗಿಮಟ್ಟಿಯಲ್ಲೋ ತೆಂಗಿನ ತೋಟದಲ್ಲೋ ದೊಡ್ಡ ಜೇಡ ಕಂಡರೆ ಮುಟ್ಟಬೇಡಿ, ಹೊಡೆಯಬೇಡಿ. ದೂರದಿಂದ ಫೋಟೊ ತೆಗೆದು, ದಿನಾಂಕ ಮತ್ತು ಜಾಗ ಬರೆದಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಗ್ರೂಪಿನಲ್ಲಿ ಮಾತ್ರ ಜಾಗದ ಹೆಸರು ಹಾಕಬೇಡಿ. ಹಿಡಿದು ಮಾರುವವರೂ ಅದನ್ನು ಓದುತ್ತಾರೆ. ಜಾಗ, ದಿನಾಂಕ ಎರಡೂ ಇಲ್ಲದ ಫೋಟೊ ನಿಮಗೆ ಬಂದರೆ, ಅದು ನಿಮ್ಮಲ್ಲೇ ನಿಲ್ಲಲಿ.