ಶರಣಾಗತರಕ್ಷಕಿ ಕೆಳದಿಯ ಚೆನ್ನಮ್ಮಾಜಿ

ಶಾಲೆಯ ವಾರ್ಷಿಕೋತ್ಸವಗಳಲ್ಲಿ ಏಕಪಾತ್ರಾಭಿನಯಕ್ಕೆ ವಿಶೇಷವಾದ ಸ್ಥಾನವುಂಟು. ರಂಗದ ಮೇಲೆ ಒಬ್ಬಳೇ ಬಾಲಕಿ. ಕೈಯಲ್ಲಿ ರಟ್ಟಿನ ಖಡ್ಗ, ತಲೆಯ ಮೇಲೆ ಬೇಗಡೆಯ ಕಿರೀಟ. ಮಂತ್ರಿ, ಸೇನಾಪತಿ, ಶತ್ರು ಇವರಾರೂ ಪ್ರೇಕ್ಷಕರ ಕಣ್ಣಿಗೆ ಕಾಣರು. ಅವರೆಲ್ಲರನ್ನೂ ಆಕೆಯ ನೋಟ, ನಿಲುವು, ಮಾತುಗಳೇ ತೋರಿಸಿಕೊಡಬೇಕು. ಇಂತಹ ಅಭಿನಯಕ್ಕೆ ನಮ್ಮ ಬಾಲಕಿಯರು ಕಿತ್ತೂರಿನ ಚೆನ್ನಮ್ಮನನ್ನೋ ಝಾನ್ಸಿಯ ಲಕ್ಷ್ಮೀಬಾಯಿಯನ್ನೋ ಆರಿಸಿಕೊಳ್ಳುವುದು ವಾಡಿಕೆ. ಆ ಸಾಲಿನಲ್ಲಿ ನಿಲ್ಲತಕ್ಕ ಇನ್ನೊಬ್ಬ ರಾಣಿ ಕೆಳದಿಯ ಚೆನ್ನಮ್ಮಾಜಿ. ಬೊರಿವಲಿಯಲ್ಲಿ ಕನ್ನಡ ಕಲಿಯುತ್ತಿರುವ ನಿಮಗೆ ಆಕೆ ಎರಡು ಬಗೆಯಿಂದ ಆಪ್ತಳು. ನಿಮ್ಮಲ್ಲಿ ಅನೇಕರ ಹಿರಿಯರ ಊರುಗಳಾದ ಕುಂದಾಪುರ, ಬಸರೂರು, ಮಂಗಳೂರುಗಳು ಆಕೆಯ ರಾಜ್ಯಕ್ಕೆ ಸೇರಿದ್ದವು. ನೀವೀಗ ನೆಲೆಸಿರುವ ಮಹಾರಾಷ್ಟ್ರದ ಚರಿತ್ರೆಯಲ್ಲಿಯೂ ಆಕೆಯ ಹೆಸರು ಉಳಿದಿದೆ. ಆದುದರಿಂದ ಆಕೆಯ ಜೀವನವನ್ನು ನಾವಿಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಕೆಳದಿಯ ನಾಯಕರು ಮೊದಲು ವಿಜಯನಗರದ ಸಾಮಂತರಾಗಿದ್ದವರು. ಅವರ ರಾಜಧಾನಿಯು ಕೆಳದಿಯಿಂದ ಇಕ್ಕೇರಿಗೂ, ಅಲ್ಲಿಂದ ಬಿದನೂರಿಗೂ ಬದಲಾಯಿತು. ಶಿವಮೊಗ್ಗ ಜಿಲ್ಲೆಯ ನಗರವೆಂಬ ಊರೇ ಆ ಬಿದನೂರು. ಚೆನ್ನಮ್ಮಾಜಿಯು ರಾಜಮನೆತನದಲ್ಲಿ ಹುಟ್ಟಿದವಳಲ್ಲ. ಸಿದ್ದಪ್ಪ ಶೆಟ್ಟಿ ಎಂಬ ವರ್ತಕನ ಮಗಳು. ಜಾತ್ರೆಯೊಂದರಲ್ಲಿ ಆಕೆಯನ್ನು ಕಂಡ ಅರಸನು ಮೆಚ್ಚಿ ವರಿಸಿದನೆಂದು ಹೇಳಿಕೆಯುಂಟು. 1667ರಲ್ಲಿ ಸೋಮಶೇಖರ ನಾಯಕನೊಡನೆ ಆಕೆಯ ವಿವಾಹವಾಯಿತು.

ಆ ಸುಖವು ಬಹುಕಾಲ ಉಳಿಯಲಿಲ್ಲ. ಅರಸನು ದುಸ್ಸಂಗಕ್ಕೆ ಬಿದ್ದು, ದೇಹಬಲವನ್ನೂ ಬುದ್ಧಿಬಲವನ್ನೂ ಕಳೆದುಕೊಂಡು, ಕಡೆಗೆ ಒಳಸಂಚಿಗೆ ಸಿಕ್ಕಿ ಹತನಾದನು. ರಾಣಿಗೆ ಮಕ್ಕಳಿರಲಿಲ್ಲ. ಒಡೆಯನಿಲ್ಲದ ನಾಡೆಂದು ತಿಳಿದ ಬಿಜಾಪುರದ ಸೈನ್ಯವು ಬಿದನೂರಿನ ಮೇಲೆ ಏರಿಬಂದಿತು. ಚೆನ್ನಮ್ಮಾಜಿಯು ಹಟಕ್ಕೆ ಬಿದ್ದು ರಾಜಧಾನಿಯಲ್ಲಿಯೇ ನಿಂತು ಸೆಣಸಲಿಲ್ಲ. ಬೊಕ್ಕಸದೊಡನೆ ಭುವನಗಿರಿದುರ್ಗಕ್ಕೆ, ಎಂದರೆ ತೀರ್ಥಹಳ್ಳಿಯ ಬಳಿಯ ಕವಲೇದುರ್ಗಕ್ಕೆ ಸರಿದು, ಅಲ್ಲಿ ಬಲವನ್ನು ಕೂಡಿಸಿಕೊಂಡು, ತಿಮ್ಮಣ್ಣ ನಾಯಕನೇ ಮೊದಲಾದವರ ನೆರವಿನಿಂದ ಬಿದನೂರನ್ನು ಮರಳಿ ಪಡೆದಳು. ಹಿಂದೆ ಸರಿಯುವುದೂ ಕೆಲವು ವೇಳೆ ಧೈರ್ಯದ ಕಾರ್ಯವೇ ಎಂಬುದನ್ನು ಇದರಿಂದ ಅರಿಯಬಹುದು. 1672ರ ಸುಮಾರಿನಿಂದ ಇಪ್ಪತ್ತೈದು ವರ್ಷಗಳ ಕಾಲ ಆಕೆ ರಾಜ್ಯವಾಳಿದಳು. ಬಸಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡು ಅವನಿಗೆ ಶಸ್ತ್ರ ಶಾಸ್ತ್ರಗಳೆರಡನ್ನೂ ಕಲಿಸಿದಳು. ಅಕ್ಕಿ ಮೆಣಸುಗಳ ವ್ಯಾಪಾರಕ್ಕಾಗಿ ಪೋರ್ತುಗೀಜರೊಡನೆ ವ್ಯವಹರಿಸಿದಳು. ಈ ಕಾರ್ಯಗಳಲ್ಲಿ ಖಡ್ಗದ ಮಿಂಚಿಲ್ಲ. ಆದರೆ ಪ್ರಜೆಗಳ ಹೊಟ್ಟೆ ತುಂಬಿದ್ದು ಇವುಗಳಿಂದಲೇ.

ಇನ್ನು ಆಕೆಯ ಜೀವನದ ಮಹಾಪರೀಕ್ಷೆಯ ಸಂಗತಿ. ಮೊಗಲ ಬಾದಶಹ ಔರಂಗಜೇಬನು 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ಗೆದ್ದುಕೊಂಡನು. 1689ರ ಮಾರ್ಚಿಯಲ್ಲಿ ಸಂಭಾಜಿ ಮಹಾರಾಜರು ಅವನ ಸೆರೆಯಲ್ಲಿ ಕೊಲ್ಲಲ್ಪಟ್ಟರು. ಆಗ ಶಿವಾಜಿ ಮಹಾರಾಜರ ಕಿರಿಯ ಪುತ್ರರಾದ ರಾಜಾರಾಮ ಮಹಾರಾಜರಿಗೆ ಹತ್ತೊಂಬತ್ತು ವರ್ಷ. ಅವರು ರಾಯಗಡವನ್ನು ಬಿಟ್ಟು, ಪನ್ಹಾಳವನ್ನು ದಾಟಿ, ವೇಷ ಮರೆಸಿಕೊಂಡು ತಮಿಳುನಾಡಿನ ಜಿಂಜಿಯ ಕೋಟೆಗೆ ಹೊರಟರು. ದಾರಿಯು ಕೆಳದಿಯ ರಾಜ್ಯದ ಮೂಲಕ ಹಾಯುತ್ತಿತ್ತು. ಅವರು ಚೆನ್ನಮ್ಮಾಜಿಯ ಆಶ್ರಯವನ್ನು ಬೇಡಿದರು.

ವಿದ್ಯಾರ್ಥಿಗಳೇ, ಆ ಗಳಿಗೆಯನ್ನು ಊಹಿಸಿಕೊಳ್ಳಿರಿ. ಎರಡು ದೊಡ್ಡ ಸುಲ್ತಾನರನ್ನು ನುಂಗಿದ ಸೈನ್ಯ ಒಂದು ಕಡೆ. ಮಲೆನಾಡಿನ ಪುಟ್ಟ ರಾಜ್ಯ ಇನ್ನೊಂದು ಕಡೆ. ಆಶ್ರಯ ಕೊಟ್ಟರೆ ತನ್ನ ಪ್ರಜೆಗಳಿಗೆ ಯುದ್ಧ. ಕೊಡದಿದ್ದರೆ ನಂಬಿ ಬಂದವರಿಗೆ ಮರಣ. ಹಿತವಚನ ಹೇಳುವವರು ಎಷ್ಟು ಮಂದಿಯಿದ್ದರೂ ನಿರ್ಧಾರದ ಭಾರವನ್ನು ಸಿಂಹಾಸನದಲ್ಲಿ ಕುಳಿತವಳು ಒಬ್ಬಳೇ ಹೊರಬೇಕು. ಚೆನ್ನಮ್ಮಾಜಿಯು ಅಭಯವನ್ನು ಕೊಟ್ಟಳು. ರಾಜಾರಾಮರನ್ನು ಕ್ಷೇಮವಾಗಿ ತನ್ನ ಗಡಿಯನ್ನು ದಾಟಿಸಿದಳು.

ನೆನೆಸಿದಂತೆಯೇ ಬಾದಶಹನ ಕೋಪವು ಎರಗಿತು. ಜಾನ್‌ನಿಸಾರ್ ಖಾನನ ಸೈನ್ಯವು ಕೆಳದಿಯ ಮೇಲೆ ಬಂದಿತು. ರಾಣಿಯ ಸೈನಿಕರು ಕಾದಿದರು. ಮರಾಠಾ ಸೇನಾನಿ ಸಂತಾಜಿ ಘೋರ್ಪಡೆಯು ಸಹಾಯಕ್ಕೆ ಬಂದನು. ಕಡೆಗೆ ಅಲ್ಪ ದಂಡವನ್ನು ತೆತ್ತು ರಾಣಿಯು ಒಪ್ಪಂದ ಮಾಡಿಕೊಂಡಳು. ಹಣ ಹೋಯಿತು, ರಾಜ್ಯ ಉಳಿಯಿತು, ಕೊಟ್ಟ ಮಾತೂ ಉಳಿಯಿತು.

ಈ ರಾಣಿಯ ಪಾತ್ರವನ್ನು ವಹಿಸಬಯಸುವ ಬಾಲಕಿಯರಿಗೆ ನಮ್ಮದೊಂದು ಸೂಚನೆ. ಖಡ್ಗವನ್ನು ಬೀಸುವುದೂ ಗರ್ಜಿಸುವುದೂ ಸುಲಭ. ಅಭಯವನ್ನು ಕೊಡುವುದಕ್ಕೆ ಮುಂಚಿನ ಆ ಮೌನವನ್ನು ಅಭಿನಯಿಸುವುದು ಕಷ್ಟ. ಎದುರಿನ ಬರಿದಾದ ಸ್ಥಳದಲ್ಲಿ ದಣಿದ ತರುಣನೊಬ್ಬನು ನಿಂತಿರುವಂತೆಯೂ, ಅವನ ಹಿಂದೆ ತನ್ನ ಹಳ್ಳಿಗಳು ಉರಿಯುತ್ತಿರುವಂತೆಯೂ ಕಂಡು, ಬಳಿಕ ಬಾಯಿ ತೆರೆಯಬೇಕು. ಆಗ ಸಭೆಯು ಚಪ್ಪಾಳೆಯನ್ನು ಮರೆತು ಕೇಳುವುದು.

ಚೆನ್ನಮ್ಮಾಜಿಯು 1697ರಲ್ಲಿ ತೀರಿಕೊಂಡಳು. ಆಕೆ ಸಾಕಿದ ಬಸಪ್ಪನು ಅರಸನಾಗಿ ಬಸವರಾಜನೆಂಬ ಹೆಸರಿನಿಂದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಜಿಂಜಿಯನ್ನು ಸೇರಿದ ರಾಜಾರಾಮರು ಅಲ್ಲಿಂದ ವರ್ಷಗಳ ಕಾಲ ಮೊಗಲರನ್ನು ಎದುರಿಸಿದರು.

ಹೊಟ್ಟೆಪಾಡಿಗಾಗಿ ಘಟ್ಟವನ್ನೂ ಕರಾವಳಿಯನ್ನೂ ಬಿಟ್ಟು ಬಂದ ನಮಗೆ ಮುಂಬಯಿಯು ಅನ್ನವನ್ನೂ ನೆರಳನ್ನೂ ಕೊಟ್ಟಿದೆ. ಆ ಋಣವನ್ನು ನಾವು ಮರೆಯಬಾರದು. ಹಾಗೆಯೇ, ಈ ನಾಡಿನ ದೊರೆಗೆ ಆಪತ್ಕಾಲದಲ್ಲಿ ಬಾಗಿಲು ತೆರೆದವಳು ಕನ್ನಡದ ರಾಣಿಯೊಬ್ಬಳೆಂಬುದನ್ನು ನಿಮ್ಮ ಮರಾಠಿ ಗೆಳೆಯರಿಗೆ ಸ್ನೇಹದಿಂದ ತಿಳಿಸಿರಿ. ನಾಳೆ ನಿಮ್ಮ ಬಾಗಿಲಿಗೆ ಯಾರಾದರೂ ನಂಬಿ ಬಂದರೆ ಆಕೆಯನ್ನು ನೆನೆಯಿರಿ.